ಟೆಕ್ ಪತ್ರಕರ್ತರಿಗೆ ಮೇಲ್ ಹಾಕುವ ಮುಂಚೆ

ಪ್ರಶ್ನೆ: ನಾವು ಶಿವಮೊಗ್ಗದ ಮೂವರು ಎಂಜಿನಿಯರ್‌ಗಳು. ಅಡಿಕೆ ತೋಟದ ಮಳೆ, ತೇವ, ಉಷ್ಣಾಂಶ ಅಳೆದು, ಕಾಯಿ ಕೊಳೆತು ಉದುರುವ ಕೊಳೆರೋಗ ಬರುವ ಲಕ್ಷಣ ಕಂಡಾಗ ರೈತರ ಮೊಬೈಲಿಗೆ ಎಚ್ಚರಿಕೆ ಕಳಿಸುವ ಒಂದು ಸಾಧನ ಮಾಡಿದ್ದೇವೆ. ತೀರ್ಥಹಳ್ಳಿ, ಹೊಸನಗರ ಕಡೆಯ 40 ತೋಟಗಳಲ್ಲಿ 2 ಮಳೆಗಾಲ ಕೆಲಸ ಮಾಡಿದೆ. ಬೆಂಗಳೂರಿನ ಟೆಕ್ ಪತ್ರಕರ್ತರ ಇಮೇಲ್ ಪಟ್ಟಿ ಸಿಕ್ಕಿತ್ತು, ಎಲ್ಲರಿಗೂ ಪ್ರೆಸ್ ನೋಟ್ ಕಳಿಸಿದೆವು. ಯಾರಿಂದಲೂ ಉತ್ತರವಿಲ್ಲ. ಒಂದು ವೆಬ್‌ಸೈಟಿನವರು ಮಾತ್ರ ದುಡ್ಡು ಕೊಟ್ಟರೆ ಹಾಕುತ್ತೇವೆ ಅಂದರು. ಪ್ರಚಾರ ನೋಡಿಕೊಳ್ಳುವ ಪಿಆರ್ ಏಜೆನ್ಸಿ ಹಿಡಿಯಬೇಕಾ? ನಾವು ಎಲ್ಲಿ ಎಡವಿದ್ದೇವೆ?

ಉತ್ತರ: ಪ್ರಶ್ನೆಯ ಜೊತೆ ಪ್ರೆಸ್ ನೋಟನ್ನೂ ಕಳಿಸಿದ್ದು ಒಳ್ಳೆಯದಾಯಿತು. ಅದರ ತಲೆಬರಹ ಹೀಗಿದೆ: ‘ಕೃತಕ ಬುದ್ಧಿಮತ್ತೆ ಆಧಾರಿತ ಕ್ರಾಂತಿಕಾರಿ ಕೃಷಿ ತಂತ್ರಜ್ಞಾನ ವೇದಿಕೆ ಲೋಕಾರ್ಪಣೆ’. ಕೊಳೆರೋಗ ಅನ್ನುವ ಮಾತು ಬರುವುದು ಮೂರನೇ ಪ್ಯಾರಾದಲ್ಲಿ. ತೀರ್ಥಹಳ್ಳಿಯ ಹೆಸರೇ ಇಲ್ಲ. 40 ತೋಟ, 2 ಮಳೆಗಾಲ ಅನ್ನುವ ವಿಷಯ ಕೊನೆಯ ಸಾಲಿನಲ್ಲಿ, ಅದೂ ‘ಯಶಸ್ವಿ ಪ್ರಾಯೋಗಿಕ ಅಳವಡಿಕೆ’ ಎಂಬ ಮಾತಿನೊಳಗೆ ಅಡಗಿ ಕೂತಿದೆ. ಸುದ್ದಿ ನಿಮ್ಮ ಹತ್ತಿರ ಇದೆ. ಕಳಿಸಿದ ಕಾಗದದಲ್ಲಿ ಮಾತ್ರ ಅದು ಕಾಣುತ್ತಿಲ್ಲ.

ಏಜೆನ್ಸಿ ಸದ್ಯಕ್ಕೆ ಬೇಡ. ಒಳ್ಳೆಯ ಪಿಆರ್ ಏಜೆನ್ಸಿಯವರಿಗೆ ಪತ್ರಕರ್ತರ ಪರಿಚಯ ಇರುತ್ತದೆ, ಯಾರು ಯಾವ ಬೀಟ್, ಅಂದರೆ ಯಾವ ವಿಷಯ, ನೋಡುತ್ತಾರೆ ಅಂತ ಗೊತ್ತಿರುತ್ತದೆ. ದೊಡ್ಡ ಕಂಪನಿಗೆ ಅದು ಬೇಕು. ಮೂರು ಜನರ ಕಂಪನಿಗೆ ತಿಂಗಳು ತಿಂಗಳು ಶುಲ್ಕ ಕಟ್ಟುವುದು ಹೊರೆ. ಅಲ್ಲದೆ, ತೋಟದಲ್ಲಿ ಮಳೆ ನೆನೆದು ಸೆನ್ಸರ್ ಕಟ್ಟಿದವರು ನೀವು. ನಿಮ್ಮ ಬಾಯಿಂದ ಬಂದ ಎರಡು ಸಾಲು ಯಾವ ಏಜೆನ್ಸಿಯ ಎರಡು ಪುಟಕ್ಕಿಂತಲೂ ತೂಕದ್ದು.

ಬೆಂಗಳೂರಿನ ಸುದ್ದಿಮನೆಗಳ ಟೆಕ್ ಡೆಸ್ಕಿನಲ್ಲಿ ಬಹಳ ವರ್ಷ ಇಂಥ ಮೇಲ್‌ಗಳನ್ನು ಓದಿದ್ದೇನೆ. ಆ ಕಡೆ ಕೂತವರಿಗೆ ಇದು ಹೇಗೆ ಕಾಣುತ್ತದೆ ಹೇಳುತ್ತೇನೆ. ಬೆಳಿಗ್ಗೆ ಮೇಲ್ ತೆರೆದರೆ ಹೊಸ ಫೋನು, ಹೊಸ ಆ್ಯಪ್, ಹೊಸ ಫಂಡಿಂಗ್, ಯಾವುದೋ ಕಂಪನಿಗೆ ಹೊಸ ಉಪಾಧ್ಯಕ್ಷ. ಬಹುಪಾಲು ತಲೆಬರಹದಲ್ಲೇ ಅಳಿಸಿಹೋಗುತ್ತವೆ. ಇದರಲ್ಲಿ ಅಹಂಕಾರ ಏನೂ ಇಲ್ಲ. ಅದೇ ದಿನ ಅವರು ಒಂದು ಸುದ್ದಿ ಬರೆದು ಕೊಡಬೇಕು, ಇನ್ನೊಂದಕ್ಕೆ ಫೋನ್ ಮಾಡಬೇಕು, ಸಂಜೆ ಪುಟ ಮುಗಿಯುವ ಹೊತ್ತಿಗೆ ಡೆಸ್ಕಿನವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಹೀಗಿರುವಾಗ ‘ಕ್ರಾಂತಿಕಾರಿ ವೇದಿಕೆ’ ಎಂಬ ಮೇಲ್‌ನೊಳಗೆ ಏನಿದೆ ಅಂತ ಹುಡುಕಲು ಅವರಿಗೆ ಪುರುಸೊತ್ತು ಎಲ್ಲಿ? ಜೊತೆಗೆ ಇದು ಎಲ್ಲರಿಗೂ ಒಟ್ಟಿಗೆ ಹೋದ ಮೇಲ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲರಿಗೂ ಕಳಿಸಿದ್ದನ್ನು ತಾನೇ ಬರೆಯಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಒಂದು ವಸ್ತು ಬಿಡುಗಡೆ ಆಯಿತು ಅನ್ನುವುದು ನಿಮಗೆ ದೊಡ್ಡ ದಿನ. ಓದುಗರಿಗೆ ಅದು ಸುದ್ದಿ ಅಲ್ಲ. ಅವರಿಗೆ ಮೊದಲು ಗೊತ್ತಿಲ್ಲದ ಏನನ್ನು ನೀವು ಹೇಳಬಲ್ಲಿರಿ? ಪಿಚ್ ಮಾಡುವ, ಅಂದರೆ ಇದನ್ನು ಬರೆಯಿರಿ ಅಂತ ಪತ್ರಕರ್ತರ ಮುಂದಿಡುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನಿಮ್ಮ ವಿಷಯಕ್ಕೇ ಬರೋಣ. ಕೊಳೆರೋಗ ಮಲೆನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ವಿವರವಾಗಿ ಬರೆದಿದ್ದರು. ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಇವತ್ತಿಗೂ ರೈತರ ಮುಖ್ಯ ಆಸರೆ ಅದೇ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ ಹೊಡೆಯಬೇಕು, ಸುಮಾರು 40 ದಿನ ಬಿಟ್ಟು ಇನ್ನೊಂದು ಸಲ. ತೊಂದರೆ ಎಲ್ಲಿ ಅಂದರೆ, ಮಳೆ ಬಿಡುವು ಕೊಡಬೇಕು, ಅದೇ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗಬೇಕು. ಬಿಡುವು ಸಿಕ್ಕಿದ ದಿನ ಊರಿಗೆಲ್ಲ ಅವರೇ ಬೇಕು. ನಿಮ್ಮ ಸಾಧನ ಇಲ್ಲಿ ಏನು ಬದಲಾಯಿಸಿದೆ? ಒಬ್ಬ ರೈತ ಯಾವ ದಿನ ಹೊಡೆಯಬೇಕು ಅಂತ ಮೊದಲೇ ತಿಳಿದು ಆಳು ಗೊತ್ತು ಮಾಡಿಕೊಂಡನಾ? ಒಂದು ಸಿಂಪಡಣೆ ಉಳಿಯಿತಾ? ಇಲ್ಲಾ, ಎಚ್ಚರಿಕೆ ಬಂದರೂ ಕೊನೆಗಾರರು ಸಿಗದೆ ಕೊಳೆ ಬಂತಾ? ಮೂರನೆಯದೂ ಸುದ್ದಿಯೇ. ನನ್ನನ್ನು ಕೇಳಿದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಸುದ್ದಿ, ಯಾಕೆಂದರೆ ತಂತ್ರಜ್ಞಾನ ಎಲ್ಲಿ ನಿಲ್ಲುತ್ತದೆ ಅಂತ ಅದು ಹೇಳುತ್ತದೆ.

ಈಗ ಯಾರಿಗೆ ಕಳಿಸಬೇಕು ಅನ್ನುವುದು. ಪಟ್ಟಿಯನ್ನು ಬದಿಗಿಡಿ. ಟೆಕ್ ಪತ್ರಕರ್ತರು ಅಂತ ಒಂದೇ ಜಾತಿ ಇಲ್ಲ. 2008ರಲ್ಲಿ ಶುರುವಾದ ಯುವರ್‌ಸ್ಟೋರಿಯಂಥ ತಾಣಕ್ಕೆ ಕಂಪನಿ ಕಟ್ಟಿದವರ ಕಥೆ ಬೇಕು. ಅದೇ ವರ್ಷ ಹುಟ್ಟಿದ ಮೀಡಿಯಾನಾಮಾ ನೋಡುವುದು ಇಂಟರ್ನೆಟ್ಟಿನ ನೀತಿ, ಕಾನೂನು. ನಿಮ್ಮ ಸಾಧನ ರೈತರ ಡೇಟಾವನ್ನು ಯಾರಿಗೆ ಕೊಡುತ್ತದೆ ಅನ್ನುವುದು ಅಲ್ಲಿ ಮುಖ್ಯ. 2016ರಲ್ಲಿ ಬೆಂಗಳೂರಿನಿಂದ ದಿನಕ್ಕೊಂದು ದೀರ್ಘ ವರದಿ ಕೊಡುತ್ತಾ ಶುರುವಾದ ದ ಕೆನ್‌ಗೆ ಒಂದು ಕಂಪನಿಗಿಂತ ಇಡೀ ಉದ್ಯಮದ ಲೆಕ್ಕಾಚಾರ ಬೇಕು. ಒಂದಕ್ಕೆ ಒಪ್ಪುವ ಪಿಚ್ ಇನ್ನೊಂದಕ್ಕೆ ಒಪ್ಪುವುದಿಲ್ಲ.

ನಿಮ್ಮ ಮೊದಲ ಸುದ್ದಿ ಬೆಂಗಳೂರಿನ ಟೆಕ್ ವರದಿಗಾರರದ್ದೇ ಅಲ್ಲ ಅಂತ ನನ್ನ ಅಭಿಪ್ರಾಯ. ಕನ್ನಡದ ಒಂದು ದಿನಪತ್ರಿಕೆಯಲ್ಲಿ ಕೃಷಿ ಬರೆಯುವವರನ್ನೋ, ಶಿವಮೊಗ್ಗದ ಜಿಲ್ಲಾ ವರದಿಗಾರರನ್ನೋ ಹಿಡಿಯಿರಿ. ಕೊಳೆ ಅಂದರೆ ಏನು ಅಂತ ಅವರಿಗೆ ವಿವರಿಸಬೇಕಿಲ್ಲ. ಬೈಕ್ ಹತ್ತಿ ತೋಟಕ್ಕೆ ಹೋಗಿ ನೋಡಬಲ್ಲರು. ಅಲ್ಲಿ ಬಂದ ವರದಿ ನೋಡಿ ಬೆಂಗಳೂರಿನವರು ತಾವಾಗಿಯೇ ಫೋನ್ ಮಾಡುವುದುಂಟು. ಜಿಲ್ಲಾ ಪುಟ ಅಂದರೆ ಚಿಕ್ಕದು ಅಂತ ಬಹಳ ಜನ ಸ್ಟಾರ್ಟಪ್‌ನವರು ತಿಳಿದಿದ್ದಾರೆ. ನಿಮ್ಮ ಗಿರಾಕಿಗಳು ಬೆಳಿಗ್ಗೆ ಕಾಫಿ ಜೊತೆ ಓದುವುದು ಅದನ್ನೇ, ಅಲ್ವಾ?

ಒಬ್ಬರನ್ನು ಆರಿಸಿಕೊಳ್ಳಿ. ಅವರು ಈಚೆಗೆ ಬರೆದ ನಾಲ್ಕೈದು ವರದಿ ಓದಿ. ಸುಮ್ನೆ ‘ನಿಮ್ಮ ಬರಹಗಳ ಅಭಿಮಾನಿ’ ಅಂತ ಬರೆಯುವುದಕ್ಕಲ್ಲ. ಆ ಸಾಲು ಎಲ್ಲ ಮೇಲ್‌ಗಳಲ್ಲೂ ಇರುತ್ತದೆ. ಕಳೆದ ಮಳೆಗಾಲದಲ್ಲಿ ಅವರು ಕೊಳೆರೋಗದ ನಷ್ಟದ ಬಗ್ಗೆ ಬರೆದಿದ್ದರೆ, ಆ ವರದಿಯ ಮುಂದಿನ ಕೊಂಡಿ ನಿಮ್ಮ ಹತ್ತಿರ ಇದೆ ಅಂತ ಹೇಳಬಹುದು. ಪತ್ರಕರ್ತರು ತಾವು ಈಗಾಗಲೇ ಹಿಡಿದಿರುವ ವಿಷಯಕ್ಕೆ ಹೊಸದೊಂದು ಸಿಕ್ಕಿದರೆ ಕಿವಿಗೊಡುತ್ತಾರೆ.

ಮೇಲ್ ಹೇಗಿರಬೇಕು ಅಂತ ಒಂದು ಮಾದರಿ ಕೊಡುತ್ತೇನೆ. ವಿಷಯದ ಸಾಲು: ‘ಕೊಳೆರೋಗ: ಔಷಧಿ ಹೊಡೆಯುವ ದಿನ ತಿಳಿಸುವ ಸಾಧನ, ತೀರ್ಥಹಳ್ಳಿಯ ತೋಟಗಳಲ್ಲಿ 2 ಮಳೆಗಾಲ’. ಒಳಗೆ ಇಷ್ಟು ಸಾಕು:

‘ನಮಸ್ಕಾರ. ಕೊಳೆರೋಗದ ನಷ್ಟದ ಬಗ್ಗೆ ನೀವು ಬರೆದ ವರದಿ ಓದಿದೆ. ನಾವು ಶಿವಮೊಗ್ಗದ ಮೂವರು, ತೀರ್ಥಹಳ್ಳಿ ಮತ್ತು ಹೊಸನಗರದ 40 ತೋಟಗಳಲ್ಲಿ ತೇವ ಅಳೆಯುವ ಸಾಧನ ಕೂರಿಸಿ 2 ಮಳೆಗಾಲ ದಾಖಲೆ ಇಟ್ಟಿದ್ದೇವೆ. ಎಚ್ಚರಿಕೆ ಯಾವಾಗ ಸರಿ ಬಂತು, ಯಾವಾಗ ತಪ್ಪಿತು ಅನ್ನುವ ಪೂರ್ತಿ ಪಟ್ಟಿ ಇದೆ, ಕೊಡುತ್ತೇವೆ. ನಮ್ಮ ಸಾಧನ ಬಳಸುವ ಇಬ್ಬರು ರೈತರು, ಬಳಸಿ ಬಿಟ್ಟ ಒಬ್ಬರು ಮಾತಾಡಲು ಒಪ್ಪಿದ್ದಾರೆ. ಮುಂಗಾರಿಗೆ ಮುಂಚೆ ತೋಟಕ್ಕೆ ಬಂದು ನೋಡಲು ಆಗುತ್ತದಾ?’

ಕೆಳಗೆ ಹೆಸರು, ಫೋನ್ ನಂಬರ್. ಮುಗಿಯಿತು. ಇದನ್ನು ಅವರು ಫೋನಿನಲ್ಲೇ ಅರ್ಧ ನಿಮಿಷದಲ್ಲಿ ಓದಿ ಮುಗಿಸುತ್ತಾರೆ. ಕಂಪನಿಯ ಕನಸು, ಧ್ಯೇಯ, ಸಂಸ್ಥಾಪಕರ ಹೇಳಿಕೆ ಯಾವುದೂ ಬೇಡ. ಅವರು ಕೇಳಿದಾಗ ಉಳಿದದ್ದನ್ನು ಕೊಡಿ.

ಕನ್ನಡ ಪತ್ರಿಕೆಗೆ ಕನ್ನಡದಲ್ಲೇ ಬರೆಯಿರಿ. ಯೂನಿಕೋಡ್‌ನಲ್ಲಿ, ನೇರ ಮೇಲ್‌ನೊಳಗೆ. ನಿಮ್ಮ ಪ್ರೆಸ್ ನೋಟ್ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್. ಅದರಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಡಿದೆ, ಬರೀ ಗೀಚು ಚಿಹ್ನೆ ಬಂತು. ಅದನ್ನು ಮತ್ತೆ ಕೂತು ಟೈಪ್ ಮಾಡಲು ಯಾವ ಡೆಸ್ಕಿನಲ್ಲೂ ಜನ ಇಲ್ಲ.

ಫೋಟೊ ವಿಷಯ ಬೇಗ ಹೇಳಿಬಿಡುತ್ತೇನೆ. ಲೋಗೊ ಬೇಡ, ನೀವು ಮೂವರು ಕೈಕಟ್ಟಿ ನಿಂತದ್ದೂ ಬೇಡ. ಮರಕ್ಕೆ ಕಟ್ಟಿದ ಸಾಧನ, ಪಕ್ಕದಲ್ಲಿ ಅದನ್ನು ಬಳಸುವವರು, ಮೂಲ ಗಾತ್ರದಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಯಾರು, ಯಾವ ಊರು ಅಂತ ಕೆಳಗೆ ಬರೆಯಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಪ್ರೆಸ್ ನೋಟ್‌ನಲ್ಲಿ ‘ರೋಗಬಾಧೆ ಗಣನೀಯವಾಗಿ ಇಳಿದಿದೆ’ ಅಂತ ಇದೆ. ಒಳ್ಳೆಯ ವರದಿಗಾರರು ಕೇಳುವ ಮೊದಲ ಮಾತು: ಯಾವುದಕ್ಕೆ ಹೋಲಿಸಿದರೆ? ಕೊಳೆರೋಗ ಫೈಟೊಫ್ತೊರಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ. ಸತತ ಮಳೆ, ತಂಪು, ತೇವ ಇದ್ದರೆ ಹಬ್ಬುತ್ತದೆ. ಮಳೆ ಕಡಿಮೆಯಾದ ವರ್ಷ ಯಾವ ಸಾಧನ ಇಲ್ಲದಿದ್ದರೂ ಕೊಳೆ ಇಳಿಯುತ್ತದೆ. ಹಾಗಿದ್ದರೆ ಇಳಿಸಿದ್ದು ನಿಮ್ಮ ಸಾಧನವೋ, ಮಳೆಯೋ? ಪಕ್ಕದಲ್ಲೇ ಇರುವ, ಸಾಧನ ಹಾಕದ ತೋಟಗಳಲ್ಲಿ ಏನಾಯಿತು ಅಂತ ಬರೆದಿಟ್ಟಿದ್ದೀರಾ? ಇಟ್ಟಿದ್ದರೆ ಅದೇ ನಿಮ್ಮ ಪಿಚ್‌ನ ಜೀವ. ಇಟ್ಟಿಲ್ಲದಿದ್ದರೆ ‘ಇಳಿದಿದೆ’ ಅನ್ನುವ ಮಾತು ತೆಗೆದುಹಾಕಿ. ಇಷ್ಟು ತೋಟ, ಇಷ್ಟು ಎಚ್ಚರಿಕೆ, ಅದರಲ್ಲಿ ಇಷ್ಟು ಸರಿ ಅಂತ ಮಾತ್ರ ಹೇಳಿ. ನೀವು ಹೇಳಿದ್ದನ್ನು ವರದಿಗಾರರು ಅಲ್ಲಿಗೇ ಬಿಡುವುದಿಲ್ಲ. ಅಡಿಕೆ ಸಂಶೋಧನೆ ಮಾಡುವ ವಿಟ್ಲದ ಸಿಪಿಸಿಆರ್‌ಐ ಕೇಂದ್ರಕ್ಕೋ ನಿಮ್ಮದೇ ಜಿಲ್ಲೆಯ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ ಫೋನ್ ಮಾಡಿ, ಹೀಗೆ ಹೇಳುತ್ತಿದ್ದಾರೆ, ಸಾಧ್ಯವಾ ಅಂತ ಕೇಳುತ್ತಾರೆ. ಅವರಿಗಿಂತ ಮುಂಚೆ ನೀವೇ ಆ ವಿಜ್ಞಾನಿಗಳ ಹತ್ತಿರ ಹೋಗಿ ಬನ್ನಿ.

ಕೃತಕ ಬುದ್ಧಿಮತ್ತೆಯ ಮಾತೂ ಅಷ್ಟೇ. ಇಂತಿಷ್ಟು ಗಂಟೆ ತೇವ ಇದ್ದು ಉಷ್ಣಾಂಶ ಇಷ್ಟಕ್ಕಿಂತ ಇಳಿದರೆ ಎಸ್ಸೆಮ್ಮೆಸ್ ಹೋಗುತ್ತದೆ ಅಂತ ಒಂದು ಕಡೆ ನೀವೇ ಬರೆದಿದ್ದೀರಿ. ಅದು ಒಂದು ನಿಯಮ. ಒಳ್ಳೆಯ ನಿಯಮ ಆಗಿರಬಹುದು. ಅದಕ್ಕೆ ಎಐ ಅಂತ ಹೆಸರಿಡಬೇಡಿ. ಟೆಕ್ ಪತ್ರಕರ್ತರು ಈಗ ಆ ಎರಡಕ್ಷರ ಕಂಡರೆ ಮೊದಲು ಅನುಮಾನ ಪಡುತ್ತಾರೆ. ಸರಳ ನಿಯಮದಿಂದ ಇಷ್ಟು ಕೆಲಸ ಆಗುತ್ತಿದೆ ಅಂದರೆ ಅದೇ ಹೆಚ್ಚು ಕುತೂಹಲದ ವಿಷಯ.

ಈ ಅನುಮಾನಕ್ಕೆ ಕಾರಣ ಇದೆ. ಅಮೆರಿಕದ ಥೆರಾನೋಸ್ ಕಥೆ ಕೇಳಿರುತ್ತೀರಿ. ಬೆರಳ ತುದಿಯ ಕೆಲವು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಅಂತ ಹೇಳಿದ ಕಂಪನಿ. 2014ರಲ್ಲಿ ಫಾರ್ಚೂನ್ ಪತ್ರಿಕೆ ಅದರ ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್ ಅವರನ್ನು ಮುಖಪುಟಕ್ಕೇ ಹಾಕಿತು. ಅದೇ ವರ್ಷದ ಕೊನೆಗೆ ನ್ಯೂಯಾರ್ಕರ್‌ನಲ್ಲಿ ಬಂದ ಒಂದು ಲೇಖನದಲ್ಲಿ, ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಆಕೆ ಕೊಟ್ಟ ವಿವರಣೆ ತೀರಾ ಮೋಡಮೋಡವಾಗಿತ್ತು. ವಾಲ್ ಸ್ಟ್ರೀಟ್ ಜರ್ನಲ್‌ನ ಜಾನ್ ಕ್ಯಾರಿರೂ ಅವರಿಗೆ ಆ ಲೇಖನ ಓದಿದಾಗಲೇ ಇದ್ಯಾಕೋ ಸರಿ ಇಲ್ಲ ಅನ್ನಿಸಿತ್ತು. 2015ರ ಅಕ್ಟೋಬರ್‌ನಲ್ಲಿ ಅವರ ವರದಿ ಬಂತು. ಹೇಳಿದ ಪರೀಕ್ಷೆಗಳಲ್ಲಿ ಬಹುಪಾಲು ಬೇರೆ ಕಂಪನಿಗಳ ಮಾಮೂಲಿ ಯಂತ್ರಗಳಲ್ಲೇ ನಡೆಯುತ್ತಿತ್ತು. 2022ರಲ್ಲಿ ಹೋಮ್ಸ್‌ಗೆ 11 ವರ್ಷ ದಾಟಿದ ಜೈಲು ಶಿಕ್ಷೆ ಆಯಿತು. ಮೊದಲು ಹೊಗಳಿ ಬರೆದವರು ತಾವು ಬರೆದದ್ದನ್ನು ಸಾರ್ವಜನಿಕವಾಗಿ ತಿದ್ದಿಕೊಳ್ಳಬೇಕಾಯಿತು. ಆಮೇಲೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪ್ರಶ್ನೆಗೆ ‘ಅದು ನಮ್ಮ ಗುಟ್ಟು’ ಅನ್ನುವ ಉತ್ತರ ಸಾಲದಾಗಿದೆ. ನಿಮ್ಮ ಸೆನ್ಸರ್ ಯಾವುದು, ಎಲ್ಲಿಂದ ತಂದದ್ದು, ಎಷ್ಟು ದಿನಕ್ಕೊಮ್ಮೆ ಕೆಡುತ್ತದೆ, ನೆಟ್‌ವರ್ಕ್ ಸಿಗದ ತೋಟದಲ್ಲಿ ಏನು ಮಾಡುತ್ತೀರಿ? ನೇರವಾಗಿ ಹೇಳಿಬಿಡಿ. ನಂಬಿಕೆ ಹುಟ್ಟುವುದು ಇಂಥ ಉತ್ತರಗಳಿಂದಲೇ.

ನಿಮ್ಮ ಕಂಪನಿಯ ಆದಾಯ, ನಷ್ಟದ ಲೆಕ್ಕವನ್ನೂ ಅವರು ನೋಡಬಲ್ಲರು. ನೋಂದಣಿಯಾದ ಕಂಪನಿ ಪ್ರತಿ ವರ್ಷ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ದಾಖಲೆಗಳನ್ನು ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ತೆರೆದು ಓದಬಹುದು. ಮೇಲ್‌ನಲ್ಲಿ ಒಂದು ಅಂಕಿ, ಅಲ್ಲಿ ಇನ್ನೊಂದು ಅಂಕಿ ಇದ್ದರೆ ಕಥೆ ಬೇರೆಯಾಗುತ್ತದೆ.

ರೈತರ ಜೊತೆ ಮಾತಾಡಿಸುವಾಗ ನೀವು ಪಕ್ಕದಲ್ಲಿ ನಿಲ್ಲಬೇಡಿ. ನೀವಿದ್ದರೆ ಅವರು ದಾಕ್ಷಿಣ್ಯಕ್ಕೆ ಒಳ್ಳೆಯದನ್ನೇ ಹೇಳುತ್ತಾರೆ, ವರದಿಗಾರರಿಗೂ ಅದು ಗೊತ್ತು. ನಂಬರ್ ಕೊಡುವ ಮುಂಚೆ ರೈತರ ಒಪ್ಪಿಗೆ ತಗೊಳ್ಳಿ. ಹೆಸರು, ಫೋಟೊ ಪೇಪರಿನಲ್ಲಿ ಬರಬಹುದು ಅಂತ ಬಿಡಿಸಿ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಗಿರಾಕಿಗಳ ವಿವರ ಹಂಚುವಾಗ ಹುಷಾರಾಗಿರಬೇಕು. ಕಾಯ್ದೆ ಇರದಿದ್ದರೂ ಕೇಳಿಯೇ ಕೊಡುವುದು ಮರ್ಯಾದೆ.

ಸುದ್ದಿಮನೆಯ ಮೂರು ಮಾತು ನಿಮಗೆ ಗೊತ್ತಿರಲಿ. ಎಕ್ಸ್‌ಕ್ಲೂಸಿವ್ ಅಂದರೆ ಒಬ್ಬರಿಗೇ ಕೊಟ್ಟದ್ದು. ಒಬ್ಬರಿಗೆ ಹಾಗೆ ಹೇಳಿ ಇನ್ನೊಬ್ಬರಿಗೂ ಕೊಟ್ಟರೆ ಇಬ್ಬರ ಬಾಗಿಲೂ ಮುಚ್ಚುತ್ತದೆ. ಎಂಬಾರ್ಗೊ ಅಂದರೆ ಇಂಥ ದಿನ, ಇಂಥ ಹೊತ್ತಿನವರೆಗೆ ಪ್ರಕಟಿಸಬಾರದು ಅನ್ನುವ ಒಪ್ಪಂದ. ಮೇಲ್‌ನ ತಲೆಗೆ ‘ಎಂಬಾರ್ಗೊ’ ಅಂತ ಬರೆದು ಎಲ್ಲವನ್ನೂ ಕಳಿಸಿಬಿಟ್ಟರೆ ಅದು ಒಪ್ಪಂದ ಆಗುವುದಿಲ್ಲ. ಮೊದಲು ಕೇಳಿ, ಅವರು ಒಪ್ಪಿದ ಮೇಲೆ ವಿವರ ಕೊಡಿ. ಆಫ್ ದ ರೆಕಾರ್ಡ್ ಕೂಡ ಹಾಗೇ. ಹೇಳಿ ಮುಗಿಸಿದ ಮೇಲೆ ‘ಇದನ್ನು ಹಾಕಬೇಡಿ’ ಅಂದರೆ ಅವರು ಕೇಳಲೇಬೇಕು ಅಂತ ಏನೂ ಇಲ್ಲ. ಅಚ್ಚಾಗಬಾರದ್ದನ್ನು ಆಡಲೇಬೇಡಿ, ನಿಮ್ಮ ಸ್ಥಿತಿಯಲ್ಲಿ ಅದೇ ಸುರಕ್ಷಿತ.

ವರದಿ ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ತೋರಿಸಿ ಅಂತ ಕೇಳಬೇಡಿ. ಬಹುತೇಕ ಸುದ್ದಿಮನೆಗಳಲ್ಲಿ ತೋರಿಸುವ ಪದ್ಧತಿ ಇಲ್ಲ, ಕೇಳಿದರೆ ಬೇಸರವಾಗುತ್ತದೆ. ಅಂಕಿಸಂಖ್ಯೆ, ತಾಂತ್ರಿಕ ವಿವರದಲ್ಲಿ ಅನುಮಾನ ಬಂದರೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ ಅಂತ ಹೇಳಿಡಿ. ಹೇಳಿದ ಮೇಲೆ ಫೋನ್ ಎತ್ತಿ.

ದುಡ್ಡು ಕೇಳಿದ ವೆಬ್‌ಸೈಟಿನ ವಿಷಯ. ದುಡ್ಡು ಕೊಟ್ಟು ಹಾಕಿಸಿದರೆ ಅದು ಜಾಹೀರಾತು. ಜಾಹೀರಾತು ಅಂತಲೇ ಸ್ಪಷ್ಟವಾಗಿ ನಮೂದಿಸಿ ಹಾಕುವುದಾದರೆ ತಪ್ಪೇನಿಲ್ಲ, ಬೇಕಾದವರು ಕೊಡಲಿ. ಸುದ್ದಿಯ ವೇಷದಲ್ಲಿ ಹಾಕುತ್ತೇವೆ ಅಂದರೆ ಖಂಡಿತ ಬೇಡ. ಪೇಯ್ಡ್ ನ್ಯೂಸ್ ಅನ್ನುವ ಈ ರೋಗದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಕೊಟ್ಟಿದೆ. ನಾಳೆ ನಿಜವಾದ ವರದಿಗಾರರು ನಿಮ್ಮ ಹೆಸರು ಹುಡುಕಿದಾಗ ಮೊದಲು ಸಿಗುವುದು ಆ ಹೊಗಳಿಕೆಯ ಪುಟ. ಅದು ನೋಡಿ ಹಿಂದೆ ಸರಿದವರನ್ನು ಬಲ್ಲೆ. ವರದಿಗಾರರಿಗೆ ಉಡುಗೊರೆ, ಕವರ್ ಯಾವುದೂ ಬೇಡ. ತೋಟಕ್ಕೆ ಬಂದರೆ ಊಟ ಹಾಕಿ, ಮಲೆನಾಡಿನಲ್ಲಿ ಅಷ್ಟು ಮಾಡದೆ ಕಳಿಸುವ ಹಾಗಿಲ್ಲ.

ಹೊತ್ತು ನೋಡಿ ಕಳಿಸಿ. ನವೆಂಬರ್ ಸುಮಾರಿಗೆ ಬೆಂಗಳೂರು ಟೆಕ್ ಸಮಿಟ್ ನಡೆಯುತ್ತದೆ, ಆಗ ಟೆಕ್ ಡೆಸ್ಕಿನ ಮೇಲ್ ತುಂಬಿ ತುಳುಕುತ್ತಿರುತ್ತದೆ. ಫೆಬ್ರವರಿ ಮೊದಲ ವಾರ ಬಜೆಟ್. ನಿಮ್ಮ ಸುದ್ದಿಯ ಕಾಲ ಮೇ ತಿಂಗಳ ನಡುವಿನಿಂದ ಜೂನ್ ಮೊದಲ ವಾರ, ಎಲ್ಲರೂ ಮೊದಲ ಸಿಂಪಡಣೆಗೆ ತಯಾರಾಗುವ ಹೊತ್ತು. ಆಗ ಪತ್ರಿಕೆಯವರೂ ಕೊಳೆರೋಗದ ಬಗ್ಗೆ ಏನಾದರೂ ಬೇಕಲ್ಲ ಅಂತ ಹುಡುಕುತ್ತಿರುತ್ತಾರೆ. ಮೇಲ್ ಬೆಳಿಗ್ಗೆ ಹಾಕಿ. ಸಂಜೆ ಪುಟ ಕಟ್ಟುವ ಹೊತ್ತಿಗೆ ಫೋನ್ ಮಾಡಬೇಡಿ. ಉತ್ತರ ಬರದಿದ್ದರೆ ನಾಲ್ಕೈದು ದಿನ ಬಿಟ್ಟು ಒಮ್ಮೆ ನೆನಪಿಸಿ, ಸಾಧ್ಯವಾದರೆ ಹೊಸ ವಿಷಯ ಒಂದನ್ನು ಸೇರಿಸಿ. ಆಗಲೂ ಸುದ್ದಿ ಇಲ್ಲ ಅಂದರೆ ಇನ್ನೊಬ್ಬರ ಹತ್ತಿರ ಹೋಗಿ. ‘ಮೇಲ್ ನೋಡಿದ್ರಾ’ ಅಂತ ದಿನಾ ವಾಟ್ಸ್ಆ್ಯಪ್ ಮಾಡಿದರೆ ನಂಬರ್ ಬ್ಲಾಕ್ ಆಗುತ್ತದೆ.

ವರದಿ ಬಂದಾಗ ನಿಮಗೆ ಇಷ್ಟವಾಗದ ಸಾಲು ಒಂದಾದರೂ ಇರುತ್ತದೆ. ಬಳಸಿ ಬಿಟ್ಟ ರೈತರ ಮಾತೇ ಮೇಲೆ ಬಂದಿರಬಹುದು. ಅದು ಸತ್ಯವಾಗಿದ್ದರೆ ತಕರಾರು ಬೇಡ. ಅಂಕಿ ತಪ್ಪಿದ್ದರೆ, ಊರಿನ ಹೆಸರು ತಪ್ಪಿದ್ದರೆ ಮೊದಲು ವರದಿಗಾರರಿಗೇ ಹೇಳಿ, ದಾಖಲೆ ಜೊತೆಗಿಟ್ಟು. ಆನ್‌ಲೈನ್‌ನಲ್ಲಿ ಬೇಗ ತಿದ್ದುತ್ತಾರೆ. ಸಂಪಾದಕರಿಗೆ ದೂರು ಕೊಡುವುದು ಅದಾದ ಮೇಲಿನ ಮಾತು.

ಮಳೆಗಾಲ ಮುಗಿದು ಕೊಯ್ಲು ಶುರುವಾದ ಮೇಲೆ ಅದೇ ವರದಿಗಾರರಿಗೆ ಇನ್ನೊಂದು ಮೇಲ್ ಹಾಕಿ. ಈ ಸಲ ಎಷ್ಟು ಎಚ್ಚರಿಕೆ ಹೋಯಿತು, ಎಷ್ಟು ತೋಟದಲ್ಲಿ ಕೊಳೆ ಬಂತು, ಸಾಧನ ಹಾಕದ ಪಕ್ಕದ ತೋಟಗಳಲ್ಲಿ ಎಷ್ಟು. ಮುನ್ಸೂಚನೆ ತಪ್ಪಿದ ತೋಟಗಳ ಪಟ್ಟಿಯನ್ನೂ ಅದರಲ್ಲೇ ಸೇರಿಸಿ, ಯಾಕೆ ತಪ್ಪಿತು ಅಂತ ನಿಮಗೆ ಅನ್ನಿಸಿದ್ದನ್ನೂ ಬರೆಯಿರಿ. ಆ ಲೆಕ್ಕ ಕೈಯಲ್ಲಿದ್ದರೆ ಬೆಂಗಳೂರಿನ ಟೆಕ್ ಡೆಸ್ಕಿಗೂ ಆಗ ಬರೆಯಬಹುದು.